ವೈದ್ಯನ ನುಡಿ, ಲಿಪಿಕಾರನ ಕಿವಿ

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ದೂರದ ಪಾಟಲೀಪುತ್ರದಲ್ಲಿದ್ದ ಅರಸನ ಮಾತು ಇಲ್ಲಿಗೆ ಬಂದು ಕಲ್ಲಿನ ಮೇಲೆ ನಿಂತುದು ಹೇಗೆ? ಅರಸನು ನುಡಿದನು, ಯಾರೋ ಕೇಳಿದರು, ಮತ್ತಾರೋ ಹೊತ್ತು ತಂದರು, ಕೊನೆಗೆ ಒಬ್ಬ ಲಿಪಿಕಾರನು ಬರೆದನು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿರುವ ಬ್ರಹ್ಮಗಿರಿಯ ಶಾಸನದಲ್ಲಿ ಅಂತಹ ಒಬ್ಬ ಲಿಪಿಕಾರನ ಹೆಸರೂ ಉಳಿದಿದೆ: ಚಪಡ. ಅಶೋಕನ ಹದಿನಾಲ್ಕನೆಯ ಶಿಲಾಶಾಸನದಲ್ಲಿ ಇನ್ನೂ ಸ್ವಾರಸ್ಯವಾದ ಒಂದು ಸಂಗತಿಯಿದೆ. ಬರಹವು ಕೆಲವೆಡೆ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣವಾಗಿರಬಹುದೆಂದು ಅರಸನು ಅಲ್ಲಿ ಹೇಳಿಸಿದ್ದಾನೆ. ಈ ಶಾಸನದ ಪಾಠವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ.

ಒಬ್ಬನು ನುಡಿದುದನ್ನು ದೂರದಲ್ಲಿರುವ ಇನ್ನೊಬ್ಬನು ಬರೆಯುವಾಗ ತಪ್ಪು ನುಸುಳುವುದುಂಟೆಂಬುದು ಹೀಗೆ ಬಹು ಹಳೆಯ ಅರಿವು. ನಮ್ಮ ಕಾಲದಲ್ಲಿ ಇದೇ ಕೆಲಸವು ಒಂದು ದೊಡ್ಡ ಉದ್ಯೋಗವಾಗಿ ಬೆಳೆಯಿತು. ನುಡಿಯುವವನು ಅಮೆರಿಕದ ವೈದ್ಯ. ಬರೆಯುವವರು ಬೆಂಗಳೂರಿನ ತರುಣ ತರುಣಿಯರು. ಇದಕ್ಕೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ವೈದ್ಯಲೇಖನವೆಂದು ಕರೆಯೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಪದವೀಧರರೂ ಈ ಕೆಲಸವನ್ನು ಅರಸಿಕೊಂಡು ಬೆಂಗಳೂರಿಗೆ ಹೋದುದುಂಟು. ಈ ಉದ್ಯೋಗದ ಹಿಂದಿರುವ ಭೌತವಿಜ್ಞಾನವಾವುದು, ಅದರಲ್ಲಿ ತಪ್ಪು ಹುಟ್ಟುವ ಸ್ಥಳವಾವುದು, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ವಿಚಾರ ಮಾಡುವುದು ನಮ್ಮ ಉದ್ದೇಶ.

ಕೆಲಸದ ಸ್ವರೂಪ

ವೈದ್ಯನು ರೋಗಿಯನ್ನು ಪರೀಕ್ಷಿಸಿದ ಮೇಲೆ ತಾನು ಕಂಡುದನ್ನು ದಾಖಲೆ ಮಾಡಬೇಕು. ರೋಗಿಯ ದೂರು, ಹಿಂದಿನ ಕಾಯಿಲೆಗಳು, ನಾಡಿ, ರಕ್ತದ ಒತ್ತಡ, ಕೊಟ್ಟ ಔಷಧ, ಅದರ ಪ್ರಮಾಣ, ಮುಂದೆ ಮಾಡಬೇಕಾದ ಚಿಕಿತ್ಸೆ ಎಲ್ಲವೂ ಅದರಲ್ಲಿರಬೇಕು. ನಾಳೆ ಬೇರೊಬ್ಬ ವೈದ್ಯನು ಚಿಕಿತ್ಸೆ ಮಾಡುವುದು ಈ ದಾಖಲೆಯನ್ನು ಓದಿಯೇ. ವಿಮೆಯ ಹಣ ಬರುವುದೂ ಇದರ ಆಧಾರದ ಮೇಲೆಯೇ. ದಿನಕ್ಕೆ ಇಪ್ಪತ್ತು ಮೂವತ್ತು ರೋಗಿಗಳನ್ನು ನೋಡುವ ವೈದ್ಯನಿಗೆ ಇದನ್ನೆಲ್ಲ ಬರೆಯಲು ಪುರಸತ್ತಿರುವುದಿಲ್ಲ. ಆದುದರಿಂದ ಅವನು ದೂರವಾಣಿಯಲ್ಲಿಯೋ ಧ್ವನಿಮುದ್ರಣ ಯಂತ್ರದಲ್ಲಿಯೋ ವಿಷಯವನ್ನು ಬಾಯಿಂದ ಹೇಳುತ್ತಾನೆ. ಆ ಧ್ವನಿಯನ್ನು ಕೇಳಿ ಬರಹಕ್ಕಿಳಿಸುವುದು ವೈದ್ಯಲೇಖಕನ ಕೆಲಸ.

ಮೊದಲು ಈ ಲೇಖಕರು ಆಸ್ಪತ್ರೆಯ ಕಟ್ಟಡದಲ್ಲಿಯೇ ಇರುತ್ತಿದ್ದರು. ಧ್ವನಿಯನ್ನು ದೂರಕ್ಕೆ ಅಗ್ಗವಾಗಿ ಕಳುಹಿಸುವ ಅನುಕೂಲ ಒದಗಿದ ಮೇಲೆ ಕೆಲಸವು ಹೊರಗುತ್ತಿಗೆಗೆ ಹೋಯಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ವಿದೇಶದೊಡನೆ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ೧೯೯೧ರಲ್ಲಿ ಭಾರತ ಸರ್ಕಾರವು ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆಯನ್ನು ಸ್ಥಾಪಿಸಿತು. ಇದರಿಂದ ಸಣ್ಣ ಸಂಸ್ಥೆಗಳಿಗೂ ಇಂತಹ ಸಂಪರ್ಕ ಲಭ್ಯವಾಯಿತು. ೧೯೯೦ರ ದಶಕದ ನಡುಭಾಗದಲ್ಲಿ ಹೆಲ್ತ್‌ಸ್ಕ್ರೈಬ್ ಎಂಬ ಸಂಸ್ಥೆಯು ಬೆಂಗಳೂರಿನಲ್ಲಿ ಅಮೆರಿಕದ ವೈದ್ಯರಿಗಾಗಿ ವೈದ್ಯಲೇಖನದ ಕೆಲಸ ನಡೆಸುತ್ತಿದ್ದಿತು. ಬಳಿಕ ಇಂತಹ ಸಂಸ್ಥೆಗಳು ಹಲವು ಹುಟ್ಟಿಕೊಂಡುವು.

ಭೂಮಿಯ ಭ್ರಮಣವೂ ಈ ಉದ್ಯೋಗಕ್ಕೆ ಸಹಾಯ ಮಾಡಿತು. ಚಳಿಗಾಲದಲ್ಲಿ ನಮ್ಮ ಗಡಿಯಾರವು ನ್ಯೂಯಾರ್ಕಿನ ಗಡಿಯಾರಕ್ಕಿಂತ ಹತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ರಾತ್ರಿ ೯ ಗಂಟೆಯಾದಾಗ ಇಲ್ಲಿ ಮರುದಿನ ಬೆಳಗಿನ ೭-೩೦. ಅಲ್ಲಿನ ವೈದ್ಯನು ಹೇಳಿ ಮಲಗಿದುದನ್ನು ಇಲ್ಲಿ ಹಗಲೆಲ್ಲ ಬರೆದು ಸಂಜೆ ೫ ಗಂಟೆಗೆ ಕಳುಹಿಸಿದರೆ ಅವನಿಗೆ ಬೆಳಗಿನ ೬-೩೦ಕ್ಕೆ ಬರಹ ಸಿದ್ಧವಾಗಿರುತ್ತದೆ. ಆದರೂ ಎಲ್ಲ ಕೆಲಸವೂ ಹಗಲಿನಲ್ಲಿಯೇ ಮುಗಿಯುವುದಿಲ್ಲ. ತುರ್ತಾದ ವರದಿಗಳನ್ನು ಕೆಲವೇ ಗಂಟೆಗಳೊಳಗೆ ಕೊಡಬೇಕಾಗುವುದರಿಂದ ರಾತ್ರಿಯ ಪಾಳಿಯೂ ಉಂಟು.

ಲೇಖಕನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂಡುತ್ತಾನೆ. ಕಾಲಿನ ಬಳಿ ಒಂದು ಪೆಡಲ್ ಇರುತ್ತದೆ. ಅದನ್ನು ಒತ್ತಿ ಧ್ವನಿಯನ್ನು ನಡೆಸುವುದು, ನಿಲ್ಲಿಸುವುದು, ಹಿಂದಕ್ಕೆ ಒಯ್ಯುವುದು. ಕೈಗಳೆರಡೂ ಬರೆಯುವುದಕ್ಕೆ ಮುಕ್ತ. ಕೂಲಿಯನ್ನು ಸಾಲುಗಳ ಲೆಕ್ಕದಲ್ಲಿ ಕಟ್ಟುವುದು ರೂಢಿ. ೬೫ ಅಕ್ಷರಗಳಿಗೆ ಒಂದು ಸಾಲು. ಒಬ್ಬನು ಬರೆದುದನ್ನು ಅನುಭವಿಯಾದ ಇನ್ನೊಬ್ಬನು ಧ್ವನಿಯೊಡನೆ ತಾಳೆ ನೋಡಿ ತಿದ್ದುತ್ತಾನೆ. ಕೊನೆಯಲ್ಲಿ ವೈದ್ಯನು ಓದಿ ಸಹಿ ಮಾಡಬೇಕು.

ಧ್ವನಿಯು ಅಂಕಿಗಳಾಗುವ ಬಗೆ

ಮಾತೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಈ ಏರಿಳಿತವು ಮೈಕಿನ ತೆಳುವಾದ ತಗಡನ್ನು ನಡುಗಿಸಿ ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡುತ್ತದೆ. ಅದನ್ನು ಹಾಗೆಯೇ ಬಹುದೂರ ಕಳುಹಿಸಿದರೆ ದಾರಿಯಲ್ಲಿ ಗದ್ದಲ ಸೇರಿಕೊಳ್ಳುತ್ತದೆ. ವಿದ್ಯುತ್ತನ್ನು ವರ್ಧಿಸಿದಷ್ಟೂ ಗದ್ದಲವೂ ವರ್ಧಿಸುತ್ತದೆ. ಇದಕ್ಕೆ ಪರಿಹಾರವೆಂದರೆ ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ ಕಳುಹಿಸುವುದು.

ಇದನ್ನು ತಿಳಿಯಲು ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ತುಂಗಭದ್ರಾ ಎಡದಂಡೆಯ ಕಾಲುವೆಯಲ್ಲಿ ನೀರಿನ ಮಟ್ಟವು ಏರುತ್ತ ಇಳಿಯುತ್ತ ಇದೆಯೆಂದು ಭಾವಿಸಿರಿ. ಅಳತೆಗೋಲಿನ ಬಳಿ ನಿಂತು ಗಂಟೆಗೊಮ್ಮೆ ಮಟ್ಟವನ್ನು ಬರೆದುಕೊಂಡರೆ ಆ ಅಂಕಿಗಳಿಂದಲೇ ದಿನದ ಏರಿಳಿತದ ರೇಖೆಯನ್ನು ಎಳೆಯಬಹುದು. ಆದರೆ ನೀರು ಹತ್ತು ನಿಮಿಷಕ್ಕೊಮ್ಮೆ ಏರಿಳಿಯುತ್ತಿದ್ದರೆ ಗಂಟೆಗೊಮ್ಮೆ ಬರೆದ ಲೆಕ್ಕವು ನಮ್ಮನ್ನು ಮೋಸಗೊಳಿಸುವುದು. ಅಳತೆಯ ವೇಗವು ಏರಿಳಿತದ ವೇಗಕ್ಕೆ ತಕ್ಕಷ್ಟಿರಬೇಕು. ಎಷ್ಟು? ಅತಿ ಶೀಘ್ರವಾದ ಏರಿಳಿತದ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಈ ನಿಯಮಕ್ಕೆ ನೈಕ್ವಿಸ್ಟ್ ೧೯೨೮ರಲ್ಲಿ ತಳಹದಿ ಹಾಕಿದನು. ಶಾನನ್ ೧೯೪೦ರ ದಶಕದ ಕೊನೆಯಲ್ಲಿ ಇದನ್ನು ಸ್ಪಷ್ಟವಾಗಿ ನಿರೂಪಿಸಿದನು.

ಸಾಂಪ್ರದಾಯಿಕ ದೂರವಾಣಿಯು ೩೦೦ರಿಂದ ೩,೪೦೦ ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ ಸಾಗಿಸುತ್ತದೆ. ೩,೪೦೦ರ ಎರಡರಷ್ಟೆಂದರೆ ೬,೮೦೦. ಸ್ವಲ್ಪ ಅವಕಾಶವಿಟ್ಟು ಸೆಕೆಂಡಿಗೆ ೮,೦೦೦ ಸಲ ಅಳೆಯುತ್ತಾರೆ. ಒಂದೊಂದು ಅಳತೆಯನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳಿಂದ, ಎಂಟು ಸ್ಥಾನಗಳಲ್ಲಿ ಬರೆಯುತ್ತಾರೆ. ಅಂತಹ ಒಂದೊಂದು ಸ್ಥಾನಕ್ಕೆ ಒಂದು ಬಿಟ್ ಎಂದು ಹೆಸರು; ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ ಒಂದು ಸೆಕೆಂಡಿನ ಮಾತಿಗೆ ೮,೦೦೦ × ೮ = ೬೪,೦೦೦ ಬಿಟ್‌ಗಳಾಗುತ್ತವೆ. ಒಂದು ನಿಮಿಷದ ಮಾತಿಗೆ ೩೮,೪೦,೦೦೦ ಬಿಟ್, ಅಂದರೆ ೪,೮೦,೦೦೦ ಬೈಟ್.

ಅಂಕಿಗಳಾದ ಮಾತಿಗೆ ದಾರಿಯ ಗದ್ದಲದ ಭಯ ಬಹಳ ಕಡಿಮೆ. ಅತ್ತ ಕಡೆಯ ಯಂತ್ರವು ಬಂದುದು ಸೊನ್ನೆಯೋ ಒಂದೋ ಎಂಬುದನ್ನಷ್ಟೇ ನಿರ್ಣಯಿಸಿದರೆ ಸಾಕು. ಜೊತೆಗೆ ಕೆಲವು ಹೆಚ್ಚಿನ ಬಿಟ್‌ಗಳನ್ನು ಕಾವಲಿಗಾಗಿ ಕಳುಹಿಸುತ್ತಾರೆ. ಎಣಿಕೆ ತಾಳೆಯಾಗದಿದ್ದರೆ ಆ ಭಾಗವನ್ನು ಮತ್ತೆ ತರಿಸಿಕೊಳ್ಳಬಹುದು. ಸಂತೆಗೆ ಹೊರಟವನಿಗೆ ಹತ್ತು ಚೀಲಗಳನ್ನು ಕೊಟ್ಟು, ಒಟ್ಟು ತೂಕವನ್ನು ಚೀಟಿಯಲ್ಲಿ ಬೇರೆ ಬರೆದುಕೊಟ್ಟಂತೆ ಇದು.

ವೇಗದ ಮಾತಂತೂ ಸರಿಯೇ. ಭೂಸ್ಥಿರ ಉಪಗ್ರಹವು ೩೫,೭೮೬ ಕಿಲೋಮೀಟರ್ ಎತ್ತರದಲ್ಲಿದೆ. ಹೋಗಿ ಬರುವ ಸುಮಾರು ೭೨,೦೦೦ ಕಿಲೋಮೀಟರ್ ದಾರಿಯನ್ನು ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್ ವೇಗದ ರೇಡಿಯೋ ಅಲೆಯು ೦.೨೪ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಈಗ ಬಹುಪಾಲು ಸಂದೇಶಗಳು ಸಮುದ್ರದ ತಳದಲ್ಲಿ ಹಾಸಿರುವ ಗಾಜಿನ ಎಳೆಗಳಲ್ಲಿ ಬೆಳಕಿನ ರೂಪದಲ್ಲಿ ಸಾಗುತ್ತವೆ. ಗಾಜಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್. ಇಪ್ಪತ್ತು ಸಾವಿರ ಕಿಲೋಮೀಟರ್ ದಾರಿಯಾದರೂ ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಸಾಕು.

ಹಾಗಾದರೆ ತಪ್ಪು ಹುಟ್ಟುವುದೆಲ್ಲಿ?

ಬಾಯಿಯಿಂದ ಮೈಕಿಗೆ ಬರುವಲ್ಲಿ ಮತ್ತು ಕಿವಿಯಿಂದ ಬರಹಕ್ಕೆ ಇಳಿಯುವಲ್ಲಿ. ಮೊದಲನೆಯದನ್ನು ನೋಡೋಣ. ‘ಸ’, ‘ಶ’, ‘ಫ’ ಮೊದಲಾದ ಧ್ವನಿಗಳು ಗಾಳಿಯ ಉಜ್ಜುವಿಕೆಯಿಂದ ಹುಟ್ಟುತ್ತವೆ. ಅವುಗಳ ಶಕ್ತಿಯ ಬಹುಭಾಗ ಹೆಚ್ಚಿನ ಆವೃತ್ತಿಗಳಲ್ಲಿದೆ. ‘ಸ’ಕಾರದ ಶಕ್ತಿಯು ಹೆಚ್ಚಾಗಿ ೪,೦೦೦ ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ. ಸಾಂಪ್ರದಾಯಿಕ ದೂರವಾಣಿಯು ೩,೪೦೦ಕ್ಕೆ ಕತ್ತರಿ ಹಾಕುವುದರಿಂದ ‘ಸ’ ಮತ್ತು ‘ಫ’ಗಳ ಭೇದವೇ ಮಸುಕಾಗುತ್ತದೆ. ಈಚಿನ ಉತ್ತಮ ದೂರವಾಣಿಗಳು ಸುಮಾರು ೭,೦೦೦ ಹರ್ಟ್ಸ್‌ವರೆಗೂ ಸಾಗಿಸುತ್ತವೆಯಾದುದರಿಂದ ಈ ತೊಂದರೆ ತಗ್ಗಿದೆ. ಆದರೆ ವೈದ್ಯನು ಓಡಾಡುತ್ತ, ಉಣ್ಣುತ್ತ, ಆಸ್ಪತ್ರೆಯ ಗಲಾಟೆಯ ನಡುವೆ ಹೇಳಿದರೆ ಅದಕ್ಕೆ ಯಂತ್ರವೇನು ಮಾಡೀತು?

ಎರಡನೆಯದು ಇನ್ನೂ ಮುಖ್ಯ. ಒಬ್ಬನು ನಿಮಿಷಕ್ಕೆ ೧೫೦ ಪದಗಳಂತೆ ಹೇಳುತ್ತಾನೆನ್ನೋಣ. ಇಂಗ್ಲಿಷಿನಲ್ಲಿ ಪದಕ್ಕೆ, ನಡುವಣ ತೆರಪೂ ಸೇರಿ, ಆರು ಅಕ್ಷರವೆಂದು ಹಿಡಿದರೆ ೯೦೦ ಅಕ್ಷರ. ಕಂಪ್ಯೂಟರಿನಲ್ಲಿ ೯೦೦ ಬೈಟ್. ಧ್ವನಿಯಾಗಿದ್ದಾಗ ೪,೮೦,೦೦೦ ಬೈಟ್ ಇದ್ದುದು ಬರಹವಾದಾಗ ೯೦೦ ಬೈಟ್‌ಗೆ ಇಳಿಯಿತು. ಲೇಖಕನ ಕಿವಿ ಮತ್ತು ಮೆದುಳು ಐನೂರಕ್ಕಿಂತ ಹೆಚ್ಚು ಪಾಲು ಹೊಟ್ಟನ್ನು ತೂರಿ ಒಂದು ಪಾಲು ಕಾಳನ್ನು ಉಳಿಸಿಕೊಂಡಿವೆ. ಹೀಗೆ ತೂರುವಾಗ ಕಾಳೊಂದು ಹಾರಿಹೋದರೆ ಅದನ್ನು ಹಿಡಿಯಲು ದಾರಿಯ ಕಾವಲು ಬಿಟ್‌ಗಳಿಂದ ಸಾಧ್ಯವಿಲ್ಲ.

ಆದರೆ ಮಾತಿಗೆ ತನ್ನದೇ ಆದ ಒಂದು ಕಾವಲುಂಟು. ಶಾನನ್ ೧೯೪೮ರಲ್ಲಿ ಪ್ರಕಟಿಸಿದ ಸಂವಹನ ಸಿದ್ಧಾಂತದಲ್ಲಿ ಇದನ್ನು ವಿವರಿಸಿದ್ದಾನೆ. ಭಾಷೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಅಕ್ಷರಗಳೂ ಸೂಚನೆಗಳೂ ಇರುತ್ತವೆ. ಇದನ್ನು ಪುನರುಕ್ತಿಯೆನ್ನಬಹುದು. ‘ಗಂಗಾವತಿಯ ರೈತರು ಗದ್ದೆಯಲ್ಲಿ ಭ… ನಾಟಿ ಮಾಡಿದರು’ ಎಂಬಲ್ಲಿ ಒಂದಕ್ಷರ ಕೇಳಿಸದಿದ್ದರೂ ಅದು ಭತ್ತವೇ ಎಂದು ಎಲ್ಲರೂ ತಿಳಿಯುತ್ತಾರೆ. ಸುತ್ತಲಿನ ಮಾತುಗಳು ಕಳೆದುದನ್ನು ತುಂಬಿಕೊಡುತ್ತವೆ. ಇಂಗ್ಲಿಷಿನಲ್ಲಿ ಹೈಪರ್‌ಟೆನ್ಷನ್ ಎಂದರೆ ರಕ್ತದ ಒತ್ತಡ ಹೆಚ್ಚಿರುವುದು. ಹೈಪೊಟೆನ್ಷನ್ ಎಂದರೆ ಕಡಿಮೆಯಿರುವುದು. ಕಿವಿಗೆ ಎರಡೂ ಹತ್ತಿರ; ಅರ್ಥದಲ್ಲಿ ವಿರುದ್ಧ. ಆದರೆ ಮುಂದಿನ ವಾಕ್ಯದಲ್ಲಿ ಒತ್ತಡವು ೧೮೦ಕ್ಕೆ ೧೧೦ ಎಂದಿದ್ದರೆ ವಿಷಯ ಬಲ್ಲ ಲೇಖಕನು ತಪ್ಪುವುದಿಲ್ಲ.

ಈಗ ಅಂಕಿಗಳನ್ನು ನೋಡಿರಿ. ‘ಔಷಧ ಇಷ್ಟು ಯೂನಿಟ್’ ಎಂಬಲ್ಲಿ ‘ಇಷ್ಟು’ ಎಂಬುದು ಕೇಳಿಸದಿದ್ದರೆ ಅಕ್ಕಪಕ್ಕದ ಪದಗಳು ಏನನ್ನೂ ಹೇಳುವುದಿಲ್ಲ. ಅಂಕಿಗಳಲ್ಲಿ ಪುನರುಕ್ತಿಯಿಲ್ಲ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ, ಅಂದರೆ ಹದಿನೈದು ಮತ್ತು ಐವತ್ತು, ಇವುಗಳಿಗೆ ಕೊನೆಯ ಅನುನಾಸಿಕ ಮತ್ತು ಒತ್ತಿನಲ್ಲಿ ಮಾತ್ರ ಭೇದ. ಏಟ್ ಮತ್ತು ಏಟಿ, ಅಂದರೆ ಎಂಟು ಮತ್ತು ಎಂಬತ್ತು, ಇವುಗಳಿಗೆ ಕೊನೆಯ ಒಂದು ಸ್ವರದಲ್ಲಿ ಭೇದ. ಪದದಲ್ಲಿ ಬಿದ್ದ ತಪ್ಪು ತಾನಾಗಿ ಎದ್ದು ಕಾಣುತ್ತದೆ. ಅಂಕಿಯಲ್ಲಿ ಬಿದ್ದ ತಪ್ಪು ಸರಿಯಾದ ಅಂಕಿಯಂತೆಯೇ ಕಾಣುತ್ತದೆ.

ಎಂಟು ಎಂಬತ್ತಾದ ಕಥೆ

ಇದು ಬರಿಯ ಕಲ್ಪನೆಯಲ್ಲ. ೨೦೦೮ರಲ್ಲಿ ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಮಧುಮೇಹವಿದ್ದ ಒಬ್ಬ ಮಹಿಳೆಯನ್ನು ಆಸ್ಪತ್ರೆಯಿಂದ ಮುಂದಿನ ಆರೈಕೆಗಾಗಿ ಬೇರೊಂದು ಕೇಂದ್ರಕ್ಕೆ ಕಳುಹಿಸಲಾಯಿತು. ವೈದ್ಯನು ಹೇಳಿದ್ದ ಬಿಡುಗಡೆಯ ವರದಿಯನ್ನು ಹೊರಗುತ್ತಿಗೆಯ ಮೂಲಕ ಭಾರತದಲ್ಲಿ ಬರಹಕ್ಕಿಳಿಸಲಾಗಿದ್ದಿತು. ಕೊಡಬೇಕಾಗಿದ್ದ ಇನ್ಸುಲಿನ್ ೮ ಯೂನಿಟ್. ಬರಹದಲ್ಲಿ ಬಂದುದು ೮೦ ಯೂನಿಟ್. ಇನ್ಸುಲಿನ್ ಹೆಚ್ಚಾದರೆ ರಕ್ತದ ಸಕ್ಕರೆಯು ಕುಸಿದು ಮೆದುಳಿಗೆ ಆಹಾರವೇ ಇಲ್ಲದಂತಾಗುತ್ತದೆ. ಆ ಮಹಿಳೆ ಬದುಕಲಿಲ್ಲ. ಕುಟುಂಬದವರು ದಾವೆ ಹೂಡಿದರು. ೨೦೧೨ರ ಡಿಸೆಂಬರಿನಲ್ಲಿ ಜ್ಯೂರಿಯು ೧೪ ಕೋಟಿ ಡಾಲರ್ ಪರಿಹಾರವನ್ನು ವಿಧಿಸಿತು.

ಬರೆದವರು ಆ ರೋಗಿಯ ಮುಖವನ್ನು ಕಂಡವರಲ್ಲ. ಅವರ ಮುಂದಿದ್ದುದು ಒಂದು ಧ್ವನಿ, ಒಂದು ಸಾಲು, ಒಂದು ಅಂಕಿ. ಈ ತಪ್ಪನ್ನು ಯಾರೋ ಒಬ್ಬರ ಕಿವಿಯ ಮೇಲೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಎಂಟರ ಮುಂದೆ ಒಂದು ಸೊನ್ನೆ ಬಿದ್ದಾಗ ಅದನ್ನು ನೋಡಿ ‘ಇದು ಹೆಚ್ಚಾಯಿತಲ್ಲ’ ಎನ್ನಬೇಕಾದವರು ದಾರಿಯುದ್ದಕ್ಕೂ ಇರಬೇಕು.

ಈ ಕಾರಣದಿಂದಲೇ ವೈದ್ಯಲೋಕದಲ್ಲಿ ಕೆಲವು ನಿಯಮಗಳು ಬಂದಿವೆ. ಅಂಕಿಯನ್ನು ಹೇಳುವಾಗ ಎರಡು ಬಗೆಯಲ್ಲಿ ಹೇಳಬೇಕು: ‘ಹದಿನೈದು, ಒಂದು, ಐದು’ ಎಂಬಂತೆ. ಇದು ಅಂಕಿಗೆ ನಾವೇ ಕೊಡುವ ಪುನರುಕ್ತಿ. ಬರೆಯುವಾಗ ೮.೦ ಎಂದು ಬರೆಯಬಾರದು. ಚುಕ್ಕಿ ಅಳಿಸಿದರೆ ಅದು ೮೦ ಆಗುತ್ತದೆ. ಪೂರ್ಣಾಂಕವಿಲ್ಲದಾಗ .೫ ಎನ್ನದೆ ೦.೫ ಎಂದೇ ಬರೆಯಬೇಕು. ಯೂನಿಟ್ ಎಂಬುದನ್ನು ಅದರ ಮೊದಲ ಇಂಗ್ಲಿಷ್ ಅಕ್ಷರದಿಂದ ಸೂಚಿಸಬಾರದು. ಆ ಅಕ್ಷರದ ಬಾಯಿ ಮುಚ್ಚಿದಂತೆ ಕಂಡರೆ ಸೊನ್ನೆಯೇ ಆಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ನಿಷಿದ್ಧ ಸಂಕೇತಗಳ ಪಟ್ಟಿಯಲ್ಲಿ ಇವೆಲ್ಲವೂ ಸೇರಿವೆ. ನಮ್ಮ ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಅಂಕಿ ಬರೆಯುವಾಗಲೂ ಅಂಕಿಯ ಸ್ಪಷ್ಟತೆಯ ವಿಷಯದಲ್ಲಿ ಇಷ್ಟೇ ಎಚ್ಚರ ವಹಿಸಬೇಕು.

ಹೊರಗುತ್ತಿಗೆಯ ಸರಪಳಿ

ಕೆಲಸವನ್ನು ಹೊರಗೆ ಕೊಡುವ ಚಿಕಿತ್ಸಾಲಯಕ್ಕೆ ಇನ್ನೊಂದು ಹೊಣೆಯಿದೆ. ರೋಗಿಯು ತನ್ನ ವೈದ್ಯನಿಗೆ ಹೇಳಿದ ಗುಟ್ಟು ಇಲ್ಲಿ ಹಲವು ಕೈಗಳನ್ನು ದಾಟುತ್ತದೆ. ೨೦೦೩ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಫ್ರಾನ್ಸಿಸ್ಕೋ ಆಸ್ಪತ್ರೆಗೆ ಕರಾಚಿಯ ಒಬ್ಬ ಲೇಖಕಿಯಿಂದ ಪತ್ರ ಬಂದಿತು. ತನಗೆ ಬರಬೇಕಾದ ಕೂಲಿ ಬಂದಿಲ್ಲವೆಂದೂ, ಬಾರದಿದ್ದರೆ ರೋಗಿಗಳ ದಾಖಲೆಗಳನ್ನು ಅಂತರ್ಜಾಲದಲ್ಲಿ ಬಹಿರಂಗಪಡಿಸುವೆನೆಂದೂ ಅದರಲ್ಲಿದ್ದಿತು. ಆಸ್ಪತ್ರೆಯವರು ಕೆಲಸವನ್ನು ಕೊಟ್ಟಿದ್ದುದು ಕ್ಯಾಲಿಫೋರ್ನಿಯಾದಲ್ಲಿಯೇ ಇದ್ದ ಸಂಸ್ಥೆಗೆ. ಅಲ್ಲಿಂದ ಅದು ಫ್ಲಾರಿಡಾಕ್ಕೆ, ಅಲ್ಲಿಂದ ಟೆಕ್ಸಾಸಿಗೆ, ಅಲ್ಲಿಂದ ಕರಾಚಿಗೆ ಹೋಗಿದ್ದಿತು. ಒಂದೊಂದು ಕೈ ದಾಟಿದಾಗಲೂ ಕೂಲಿ ಕಡಿಮೆಯಾಗುತ್ತ ಬಂದು, ಕಟ್ಟಕಡೆಯಲ್ಲಿ ಬರೆದವಳಿಗೆ ಬಾಕಿಯಷ್ಟೇ ಉಳಿದಿತ್ತು. ಅವಳ ಬೆದರಿಕೆಯು ತಪ್ಪು. ಆದರೆ ಕೂಲಿಯೂ ಗುಟ್ಟೂ ಒಂದೇ ಸರಪಳಿಯಲ್ಲಿ ಸಾಗುತ್ತವೆಂಬುದನ್ನು ಈ ಪ್ರಸಂಗವು ಲೋಕಕ್ಕೆ ತೋರಿಸಿಕೊಟ್ಟಿತು.

ಅಮೆರಿಕದಲ್ಲಿ ೧೯೯೬ರ ಹಿಪಾ ಎಂಬ ಶಾಸನವು ರೋಗಿಯ ಮಾಹಿತಿಯ ರಕ್ಷಣೆಗೆ ಆಧಾರವಾಗಿದೆ. ನಮ್ಮಲ್ಲಿ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅಂಗೀಕೃತವಾಯಿತು. ಶಾಸನವಿದ್ದರೂ ಚಿಕಿತ್ಸಾಲಯದವರು ಕೇಳಲೇಬೇಕಾದ ಪ್ರಶ್ನೆಗಳು ನಾಲ್ಕು: ಬರೆಯುವವರು ನಿಜವಾಗಿ ಯಾರು? ಅವರಿಗೆ ಸಲ್ಲಬೇಕಾದುದು ಸಲ್ಲುತ್ತಿದೆಯೆ? ಕೇಳಿಸದ ಭಾಗವನ್ನು ಅವರು ಏನು ಮಾಡುತ್ತಾರೆ? ಕೊನೆಗೆ ಓದಿ ಸಹಿ ಮಾಡುವವರು ಯಾರು?

ಯಂತ್ರದ ಕಿವಿ

ಈಗ ಮಾತನ್ನು ತಾನೇ ಕೇಳಿ ಬರೆಯುವ ಯಂತ್ರಗಳು ಬಂದಿವೆ. ಇದರಿಂದ ವೈದ್ಯಲೇಖಕರ ಕೆಲಸವು ಕೇಳಿ ಬರೆಯುವುದರಿಂದ ಯಂತ್ರವು ಬರೆದುದನ್ನು ತಿದ್ದುವುದರ ಕಡೆಗೆ ತಿರುಗಿದೆ. ಅನೇಕರಿಗೆ ಕೆಲಸವೂ ತಪ್ಪಿದೆ. ಹಾಗಾದರೆ ಮನುಷ್ಯನ ಕಿವಿ ಇನ್ನು ಬೇಡವೆ?

೨೦೧೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೨೧೭ ವೈದ್ಯಕೀಯ ಬರಹಗಳನ್ನು ಪರೀಕ್ಷಿಸಲಾಯಿತು. ಯಂತ್ರವು ಬರೆದುದರಲ್ಲಿ ನೂರು ಪದಗಳಿಗೆ ೭.೪ ತಪ್ಪುಗಳಿದ್ದುವು. ಲೇಖಕರು ತಿದ್ದಿದ ಮೇಲೆ ಅವು ೦.೪ಕ್ಕೆ ಇಳಿದುವು. ವೈದ್ಯರು ಓದಿ ಸಹಿ ಮಾಡಿದ ಮೇಲೆ ೦.೩. ಅಂದರೆ ೪೦೦ ಪದಗಳ ಒಂದು ವರದಿಯಲ್ಲಿ ಯಂತ್ರದ ತಪ್ಪುಗಳು ಸುಮಾರು ೩೦; ಲೇಖಕರ ಕೈ ದಾಟಿದ ಮೇಲೆ ಒಂದೆರಡು. ಅಂದಿನಿಂದ ಯಂತ್ರಗಳು ಸುಧಾರಿಸಿವೆ. ಆದರೆ ಹೊಸ ಬಗೆಯ ಒಂದು ದೋಷವೂ ಕಾಣಿಸಿಕೊಂಡಿದೆ. ವಿಸ್ಪರ್ ಎಂಬ ಯಂತ್ರವನ್ನು ಕುರಿತು ೨೦೨೪ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದು ಬರೆದ ತುಣುಕುಗಳಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ ಯಾರೂ ಆಡದ ಮಾತುಗಳೇ ಸೇರಿಕೊಂಡಿದ್ದುವು. ಮಾತಿನ ತೊಂದರೆಯಿದ್ದು ನಡುನಡುವೆ ತಡೆದು ಮಾತನಾಡುವವರ ವಿಷಯದಲ್ಲಿ ಇದು ಇನ್ನೂ ಹೆಚ್ಚು.

ಇದು ಯೋಚಿಸತಕ್ಕ ವಿಷಯ. ಇಂತಹ ಯಂತ್ರವು ಮುಂದೆ ಬರಬಹುದಾದ ಪದವಾವುದೆಂಬ ಸಂಭವವನ್ನು ಲೆಕ್ಕಹಾಕಿ ಬರೆಯುತ್ತದೆ. ಅದಕ್ಕೆ ಮೌನವೂ ತುಂಬಬೇಕಾದ ಒಂದು ಸ್ಥಳ. ನಮ್ಮ ಊರಿನ ಅಜ್ಜಿಯೊಬ್ಬಳು ವೈದ್ಯರ ಮುಂದೆ ಕುಳಿತು, ‘ಎದಿಯಾಗ ಹಿಡದಂಗ ಆಗತೈತ್ರೀ ಸಾಹೇಬ್ರ’ ಎಂದು ಹೇಳಿ, ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಎದುರಿಗಿರುವ ವೈದ್ಯನು ಆ ಮೌನದಲ್ಲಿ ಆಯಾಸವನ್ನು ಕಾಣುತ್ತಾನೆ. ಯಂತ್ರವು ಅಲ್ಲಿ ಮತ್ತೊಂದು ವಾಕ್ಯವನ್ನೇ ಬರೆದುಬಿಟ್ಟರೆ? ನಮ್ಮ ಆಸ್ಪತ್ರೆಗಳಿಗೂ ಇಂತಹ ಯಂತ್ರಗಳು ಬರುವ ಕಾಲ ದೂರವಿಲ್ಲ. ಆಗ ಈ ಕಡೆಯ ಮಾತಿನ ಧಾಟಿಯನ್ನು ಬಲ್ಲ, ವೈದ್ಯವಿಷಯವನ್ನೂ ಅರಿತ ಕಿವಿಗಳು ನಮಗೆ ಬೇಕಾಗುತ್ತವೆ.

ಬಿಟ್ಟ ಸ್ಥಳದ ಬೆಲೆ

ಒಳ್ಳೆಯ ವೈದ್ಯಲೇಖನ ಸಂಸ್ಥೆಗಳಲ್ಲಿ ಒಂದು ನಿಯಮವುಂಟು: ಎಷ್ಟು ಸಲ ಕೇಳಿದರೂ ತಿಳಿಯದ ಪದವನ್ನು ಊಹಿಸಿ ಬರೆಯಕೂಡದು, ಸ್ಥಳವನ್ನು ಖಾಲಿ ಬಿಟ್ಟು, ಅದು ಧ್ವನಿಯ ಯಾವ ನಿಮಿಷದಲ್ಲಿದೆಯೆಂದು ಗುರುತು ಹಾಕಬೇಕು. ನಮ್ಮಲ್ಲಿ ಓದಿ ಈ ಕೆಲಸಕ್ಕೆ ಸೇರಿದ್ದ ಯಲಬುರ್ಗಾ ತಾಲೂಕಿನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಊರಿಗೆ ಬಂದಾಗ ಇದನ್ನು ನಮಗೆ ತಿಳಿಸಿದಳು. ಮೊದಮೊದಲು ಖಾಲಿ ಬಿಡುವುದೆಂದರೆ ಅವಳಿಗೆ ನಾಚಿಕೆಯಾಗುತ್ತಿತ್ತಂತೆ. ಬಿಟ್ಟ ಸ್ಥಳಗಳು ಹೆಚ್ಚಾದರೆ ತನ್ನನ್ನು ದಡ್ಡಿಯೆಂದಾರೆಂಬ ಅಂಜಿಕೆ. ಒಂದು ದಿನ ಔಷಧದ ಪ್ರಮಾಣವೊಂದು ಕೇಳಿಸದೆ, ಎಂದಿನಂತೆ ಇರುವುದೇ ಇದ್ದೀತೆಂದು ಬರೆಯಹೋಗಿ, ಕೈ ತಡೆದು, ಖಾಲಿ ಬಿಟ್ಟಳಂತೆ. ವೈದ್ಯರು ತುಂಬಿಕೊಟ್ಟ ಅಂಕಿಯು ಅವಳು ಊಹಿಸಿದುದಾಗಿರಲಿಲ್ಲ. ಅಂದಿನಿಂದ ನಾಚಿಕೆ ಬಿಟ್ಟೆನೆಂದಳು.

ಈ ಮಾತನ್ನು ಕೇಳಿದಾಗ ನಮಗೆ ನಮ್ಮ ಪ್ರಯೋಗಶಾಲೆಯು ನೆನಪಾಯಿತು. ಲೋಲಕದಿಂದ ಗುರುತ್ವವೇಗೋತ್ಕರ್ಷವನ್ನು ಅಳೆಯುವಾಗ ಒಬ್ಬನಿಗೆ ೯೩೦ ಬರುತ್ತದೆ, ಇನ್ನೊಬ್ಬನಿಗೆ ೧,೦೧೦. ಪುಸ್ತಕದಲ್ಲಿ ಸೆಕೆಂಡಿನ ವರ್ಗಕ್ಕೆ ಸುಮಾರು ೯೮೦ ಸೆಂಟಿಮೀಟರ್ ಎಂದಿದೆ. ದಾಖಲೆಯ ಪುಸ್ತಕಗಳನ್ನು ತಂದಿಟ್ಟಾಗ ನೋಡಿದರೆ ಎಲ್ಲರಿಗೂ ೯೮೦ ಬಂದಿರುತ್ತದೆ! ಅಂಕಗಳು ಹೋಗಬಾರದೆಂದು ಮಾಡುವ ಈ ಸಣ್ಣ ಸುಳ್ಳು ಪ್ರಯೋಗಶಾಲೆಯಲ್ಲಿ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಬರಬೇಕಾದುದನ್ನು ಬಂದಂತೆ ಬರೆಯುವ ಅಭ್ಯಾಸವು ಕೈಗೆ ಅಂಟುವುದು ಅಲ್ಲಿಯೇ. ನಮ್ಮಲ್ಲಿಯೂ ಉಪಾಧ್ಯಾಯರಾದವರು ೯೩೦ ಬಂದವನನ್ನು ಗದರಿಸದೆ, ಅದೇಕೆ ಬಂದಿತೆಂದು ಅವನೊಡನೆ ಕುಳಿತು ನೋಡಿದರೆ ಈ ಅಭ್ಯಾಸ ತಪ್ಪೀತು.

ಪಾಲ್ಕಿಗುಂಡಿನ ಶಾಸನದ ಬಹುಭಾಗ ಮಳೆಗಾಳಿಗಳಿಗೆ ಸವೆದುಹೋಗಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಎರಡರ ಪಾಠವೂ ಒಂದೇ ಆದುದರಿಂದ ಅಲ್ಲಿ ಅಳಿದುದನ್ನು ಇಲ್ಲಿಂದ ತಿಳಿಯಬಹುದು. ಇದೂ ಒಂದು ಪುನರುಕ್ತಿಯ ಉಪಕಾರವೇ. ಆದರೂ ವಿದ್ವಾಂಸರು ಪಾಲ್ಕಿಗುಂಡಿನ ಪಾಠವನ್ನು ಅಚ್ಚು ಹಾಕುವಾಗ ಅಳಿದ ಅಕ್ಷರಗಳಿದ್ದೆಡೆ ಚುಕ್ಕಿಗಳನ್ನೋ ಆವರಣವನ್ನೋ ಇಟ್ಟು, ಬಂಡೆಯ ಮೇಲೆ ಕಂಡುದೆಷ್ಟು, ತಾವು ತುಂಬಿದುದೆಷ್ಟು ಎಂಬುದನ್ನು ಬೇರೆಬೇರೆಯಾಗಿ ತೋರಿಸುತ್ತಾರೆ. ಮುಂದೆ ಲೇಖಕರಾಗಲಿ, ದಾದಿಯರಾಗಲಿ, ಎಂಜಿನಿಯರುಗಳಾಗಲಿ, ಯಂತ್ರದ ಬರಹವನ್ನು ತಿದ್ದುವವರಾಗಲಿ, ನಮ್ಮ ವಿದ್ಯಾರ್ಥಿಗಳು ಈ ಕ್ರಮವನ್ನು ಕಲಿತರೆ ಸಾಕು. ಕೇಳಿಸದುದನ್ನು ಕೇಳಿಸಲಿಲ್ಲವೆಂದು ಬರೆಯುವವರ ಬರಹವನ್ನು ರೋಗಿಯು ಕಣ್ಣುಮುಚ್ಚಿ ನಂಬಬಹುದು.

ಅಭ್ಯಾಸಕ್ಕಾಗಿ

೧. ಇಬ್ಬರು ಗೆಳೆಯರು ಎರಡು ಕೋಣ\u200cೆಗಳಲ್ಲಿ ಕುಳಿತು ದೂರವಾಣಿಯಲ್ಲಿ ಈ ಪದಗಳನ್ನು ಹಿಂದುಮುಂದಾಗಿ ಹೇಳಿ ಬರೆದುಕೊಳ್ಳಿರಿ: ಸಾಲು, ಶಾಲು, ಹಾಲು, ಕಾಲು, ಪಾಲು. ಬಳಿಕ ಇವೇ ಪದಗಳನ್ನು ವಾಕ್ಯಗಳಲ್ಲಿ ಸೇರಿಸಿ ಹೇಳಿರಿ. ಯಾವುದರಲ್ಲಿ ತಪ್ಪು ಹೆಚ್ಚು? ಏಕೆ?

೨. ಹದಿಮೂರು, ಹದಿನಾರು ಮುಂತಾದ ಅಂಕಿಗಳನ್ನು ಗಲಾಟೆಯಿರುವೆಡೆಯಿಂದ ಹೇಳಿ ನೋಡಿರಿ. ಅನಂತರ ‘ಹದಿಮೂರು, ಒಂದು, ಮೂರು’ ಎಂಬ ರೀತಿಯಲ್ಲಿ ಹೇಳಿರಿ. ತಪ್ಪುಗಳಲ್ಲಿ ಆದ ವ್ಯತ್ಯಾಸವನ್ನು ಪಟ್ಟಿ ಮಾಡಿರಿ. ಕೇಳಿಸದಿದ್ದಲ್ಲಿ ಸ್ಥಳವನ್ನು ಖಾಲಿ ಬಿಡತಕ್ಕದ್ದು.

೩. ಸೆಕೆಂಡಿಗೆ ೧೬,೦೦೦ ಅಳತೆಗಳಂತೆ, ಅಳತೆಗೆ ೧೬ ಬಿಟ್‌ಗಳಂತೆ ಮುದ್ರಿಸಿದ ಐದು ನಿಮಿಷಗಳ ಮಾತಿಗೆ ಎಷ್ಟು ಬೈಟ್‌ಗಳು ಬೇಕು? (ಉತ್ತರ: ೯೬ ಲಕ್ಷ.)

೪. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ ೭ ಗಂಟೆಗೆ ಹೇಳಿದ ವರದಿಯು ಕೊಪ್ಪಳಕ್ಕೆ ಬಂದಾಗ ಇಲ್ಲಿ ಎಷ್ಟು ಹೊತ್ತು? (ಉತ್ತರ: ಮರುದಿನ ಬೆಳಗಿನ ೮-೩೦.)